ಸಂಜೆ ಏಳರ ಚಾರ್ಜಿಂಗ್ ಹೊರೆಗೆ ಮಧ್ಯಾಹ್ನದ ಬಿಸಿಲು ಆಸರೆಯಾದೀತೇ?

ಪ್ರಶ್ನೆ: ಪೈ, ಬಿಜೈ, ಮಂಗಳೂರು

ಎಲ್ಲರಿಗೂ ನಮಸ್ಕಾರ. ಬಿಜೈಯಲ್ಲಿರುವ ನಮ್ಮ 48 ಮನೆಗಳ ವಸತಿ ಸಮುಚ್ಚಯದ ಸಂಘಕ್ಕೆ ನಾನು ಖಜಾಂಚಿ. ಮುಂದಿನ ಮಹಾಸಭೆಯಲ್ಲಿ ಒಂದು ದೊಡ್ಡ ಖರ್ಚಿನ ಬಗ್ಗೆ ತೀರ್ಮಾನ ಆಗಬೇಕಾಗಿರುವುದರಿಂದ, ವಿಷಯ ಬಲ್ಲವರ ಅಭಿಪ್ರಾಯವನ್ನು ಇಲ್ಲಿ ಕೇಳುತ್ತಿದ್ದೇನೆ.

ನಮ್ಮ ಆವರಣದೊಳಗೆ 250 ಕೆವಿಎ (ಹೆಚ್ಚುಕಡಿಮೆ ಕಿಲೋವ್ಯಾಟಿಗೆ ಸಮವೆಂದುಕೊಳ್ಳಬಹುದಾದ ಅಳತೆ) ಟ್ರಾನ್ಸ್‌ಫಾರ್ಮರ್ ಇದೆ. ಕಟ್ಟಡ ಎದ್ದ ಕಾಲಕ್ಕೆ ಅದು ಧಾರಾಳವಾಗಿತ್ತು. ಈಗ ಬಹುತೇಕ ಮನೆಗಳಲ್ಲಿ ಎರಡೆರಡು ಎ.ಸಿ. ಬಂದಿವೆ, ಎಪ್ರಿಲ್, ಮೇ ತಿಂಗಳ ಸೆಖೆಯಲ್ಲಿ ಸಂಜೆ ಏಳರಿಂದ ಹತ್ತರವರೆಗೆ ಹೊರೆ 130 ಕೆವಿಎ ದಾಟುತ್ತದೆ. ಸದ್ಯ ಒಂಬತ್ತು ವಿದ್ಯುತ್ ಕಾರುಗಳಿದ್ದು, ಇನ್ನೂ ಹನ್ನೊಂದು ಮನೆಯವರು ಕಾರು ಕಾದಿರಿಸಿ ಚಾರ್ಜರ್ ಹಾಕಿಸಲು ಸಂಘದ ಅನುಮತಿ ಕೇಳಿದ್ದಾರೆ. ಎಲ್ಲರಿಗೂ ಬೇಕಾಗಿರುವುದು ಗೋಡೆಗೆ ಕೂರಿಸುವ 7.2 ಕಿಲೋವ್ಯಾಟ್ ಚಾರ್ಜರ್. ಇಪ್ಪತ್ತು ಕಾರುಗಳು ಕಚೇರಿಯಿಂದ ಬಂದು ಒಟ್ಟಿಗೇ ಚಾರ್ಜಿಗೆ ನಿಂತರೆ 144 ಕಿಲೋವ್ಯಾಟ್ ಹೊರೆ ಬೀಳುತ್ತದೆ. ಮನೆಗಳ ಹೊರೆಯೊಂದಿಗೆ ಕೂಡಿಸಿದರೆ ಟ್ರಾನ್ಸ್‌ಫಾರ್ಮರಿನ ಮಿತಿ ಮೀರುವುದು ಖಚಿತ.

ಕೆಲವರು ದೊಡ್ಡ ಟ್ರಾನ್ಸ್‌ಫಾರ್ಮರ್ ಹಾಕಿಸೋಣ ಎನ್ನುತ್ತಾರೆ; ಕಾರೇ ಇಲ್ಲದ ಮನೆಯವರು ಆ ವೆಚ್ಚದಲ್ಲಿ ಪಾಲು ಕೊಡಲು ಒಪ್ಪುವುದಿಲ್ಲ, ಅವರ ಆಕ್ಷೇಪ ನನಗೆ ನ್ಯಾಯವಾಗಿಯೇ ಕಾಣುತ್ತದೆ. ಇನ್ನು ಕೆಲವರು ತಾರಸಿಯ ಮೇಲೆ ಸೌರ ಫಲಕ ಹಾಕಿದರೆ ಕಾರುಗಳು ಬಿಸಿಲಿನಿಂದಲೇ ಓಡುತ್ತವೆ, ಮೆಸ್ಕಾಂ ಮೇಲೆ ಹೊರೆಯೇ ಬೀಳುವುದಿಲ್ಲ ಎಂದು ವಾದಿಸುತ್ತಾರೆ. ನೀರಿನ ಟ್ಯಾಂಕು, ಸೋಲಾರ್ ಗೀಸರುಗಳನ್ನು ಬಿಟ್ಟರೆ ತಾರಸಿಯಲ್ಲಿ ಸುಮಾರು ಮೂರು ಸಾವಿರ ಚದರಡಿ ಜಾಗ ಸಿಗುತ್ತದೆ. ನಿಜವಾಗಿಯೂ ಸೌರಶಕ್ತಿ ಈ ಹೊರೆಯನ್ನು ಇಳಿಸುತ್ತದೆಯೇ? ನಾಲ್ಕು ತಿಂಗಳ ಮಳೆಗಾಲದಲ್ಲಿ ಏನು ಗತಿ? ಕರೆಂಟು ಹೋದಾಗ ಫಲಕಗಳಿಂದ ಚಾರ್ಜ್ ಮಾಡಿಕೊಳ್ಳಬಹುದೇ?

ಉತ್ತರ: ಉಪಾಧ್ಯ, ಮಣಿಪಾಲ

ಪೈಗಳೇ, ವಿದ್ಯುತ್ ವಿತರಣೆಯ ಕಾಮಗಾರಿಗಳಲ್ಲೇ ನನ್ನ ಉದ್ಯೋಗದ ಬಹುಭಾಗ ಕಳೆದಿದೆ. ಆ ಅನುಭವದಿಂದ ಒಂದು ಮಾತನ್ನು ಮೊದಲಿಗೇ ಒತ್ತಿ ಹೇಳುತ್ತೇನೆ: ನೆಟ್ ಮೀಟರಿಂಗ್‌ನಿಂದ ಬಿಲ್ಲು ಇಳಿಯುತ್ತದೆ, ಟ್ರಾನ್ಸ್‌ಫಾರ್ಮರಿನ ಹೊರೆ ಇಳಿಯುವುದಿಲ್ಲ. ಮಧ್ಯಾಹ್ನ ನಿಮ್ಮ ತಾರಸಿಯಿಂದ ಹೊರಗೆ ಹೋದ ಯೂನಿಟ್‌ಗಳು ರಾತ್ರಿ ನೀವು ಎಳೆದುಕೊಂಡ ಯೂನಿಟ್‌ಗಳಿಗೆ ತಿಂಗಳ ಕೊನೆಯಲ್ಲಿ ವಜಾ ಆಗುತ್ತವೆ. ಆದರೆ ಮಧ್ಯಾಹ್ನದ ವಿದ್ಯುತ್ತು ರಾತ್ರಿಯವರೆಗೆ ಎಲ್ಲಿಯೂ ಕಾದು ಕೂತಿರುವುದಿಲ್ಲ. ಹುಟ್ಟಿದ ಕ್ಷಣದಲ್ಲೇ ನಿಮ್ಮ ಕಟ್ಟಡದ ಎ.ಸಿ.ಗಳಲ್ಲಿಯೋ ಪಕ್ಕದ ಮನೆಗಳ ಪಂಪುಗಳಲ್ಲಿಯೋ ಖರ್ಚಾಗಿ ಹೋಗುತ್ತದೆ. ಸಂಜೆ ಆರರ ಹೊತ್ತಿಗೆ ಫಲಕಗಳ ಉತ್ಪಾದನೆ ಹೆಚ್ಚುಕಡಿಮೆ ನಿಂತಿರುತ್ತದೆ. ಏಳಕ್ಕೆ ನಿಮ್ಮ ಇಪ್ಪತ್ತು ಕಾರುಗಳು ಎಳೆಯುವುದು ಶರಾವತಿ, ವಾರಾಹಿಗಳಿಂದಲೋ ಕಲ್ಲಿದ್ದಲು ಸ್ಥಾವರಗಳಿಂದಲೋ ಬಂದ ವಿದ್ಯುತ್ತನ್ನು, ಅದೂ ಅದೇ ಫೀಡರ್ (ಉಪಕೇಂದ್ರದಿಂದ ಬರುವ ಲೈನು) ಮತ್ತು ಅದೇ 250 ಕೆವಿಎ ಟ್ರಾನ್ಸ್‌ಫಾರ್ಮರಿನ ಮೂಲಕ. ಆದ್ದರಿಂದ ಫಲಕ ಎಷ್ಟು ದೊಡ್ಡದು ಎಂಬುದಕ್ಕಿಂತ ಕಾರು ಎಷ್ಟು ಗಂಟೆಗೆ ಚಾರ್ಜಿಗೆ ನಿಲ್ಲುತ್ತದೆ ಎಂಬ ಪ್ರಶ್ನೆ ಮುಖ್ಯವಾದದ್ದು.

ಈಗ ನಿಮ್ಮ ಲೆಕ್ಕವನ್ನೇ ತೆಗೆದುಕೊಳ್ಳೋಣ. ಮಂಗಳೂರಿನೊಳಗೆ ಓಡಾಡುವ ಕಾರು ದಿನಕ್ಕೆ ನಲವತ್ತು ಕಿಲೋಮೀಟರ್ ಓಡಿತು ಎಂದುಕೊಂಡರೂ ಅದಕ್ಕೆ ಬೇಕಾಗುವುದು ಸುಮಾರು 6 ಯೂನಿಟ್. ಇಪ್ಪತ್ತು ಕಾರುಗಳಿಗೆ ದಿನಕ್ಕೆ 120 ಯೂನಿಟ್. ಈ 120 ಯೂನಿಟನ್ನು ಎಲ್ಲರೂ ಸಂಜೆ ಏಳಕ್ಕೆ ಒಟ್ಟಿಗೇ ಎಳೆದರೆ 144 ಕಿಲೋವ್ಯಾಟ್ ಹೊರೆ ಬೀಳುತ್ತದೆ, ಆದರೆ ಅದು ಐವತ್ತು ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಅದೇ 120 ಯೂನಿಟನ್ನು ರಾತ್ರಿ ಹನ್ನೊಂದರಿಂದ ಬೆಳಗಿನ ಐದರವರೆಗೆ ಹರಡಿದರೆ ಸರಾಸರಿ ಹೊರೆ ಕೇವಲ 20 ಕಿಲೋವ್ಯಾಟ್. ಚಾರ್ಜಿಂಗ್‌ನಲ್ಲಿ ಆಗುವ ನಷ್ಟವನ್ನು ಸೇರಿಸಿದರೂ 23 ಅಥವಾ 24. ಎಲ್ಲರೂ ದಿನವೂ ಚಾರ್ಜ್ ಮಾಡುವುದಿಲ್ಲ, ಮೂರು ನಾಲ್ಕು ದಿನಗಳಿಗೊಮ್ಮೆ ಮಾಡುತ್ತಾರೆ ಎನ್ನುವುದಾದರೆ ಒಂದೊಂದು ಕಾರಿಗೆ ಹಿಡಿಯುವ ಹೊತ್ತು ಹೆಚ್ಚುತ್ತದೆ, ಒಟ್ಟಿಗೆ ನಿಲ್ಲುವ ಕಾರುಗಳ ಸಂಖ್ಯೆ ತಗ್ಗುತ್ತದೆ, ಒಟ್ಟು ಯೂನಿಟ್ ಬದಲಾಗುವುದಿಲ್ಲ. ಸಂಜೆಯ ಸ್ವಲ್ಪ ಹೊತ್ತಿನ ಈ ದಟ್ಟಣೆಗಾಗಿ ಹೊಸ ಟ್ರಾನ್ಸ್‌ಫಾರ್ಮರ್ ಕೊಳ್ಳುವುದು ನನ್ನ ಅಭಿಪ್ರಾಯದಲ್ಲಿ ಸಂಘದ ಹಣದ ಸದ್ವಿನಿಯೋಗವಲ್ಲ.

ಹಾಗೆಂದು ಮಿತಿ ಮೀರಿದ ಹೊರೆಯನ್ನು ಸ್ವಲ್ಪ ಹೊತ್ತು ತಾನೇ ಎಂದು ಕಡೆಗಣಿಸುವಂತೆಯೂ ಇಲ್ಲ. ಟ್ರಾನ್ಸ್‌ಫಾರ್ಮರಿನೊಳಗಿನ ಸುರುಳಿಗಳಿಗೆ ಸುತ್ತಿದ ಕಾಗದದ ನಿರೋಧಕವು ಶಾಖಕ್ಕೆ ಸವೆಯುತ್ತದೆ. ಸುರುಳಿಯ ಅತಿ ಬಿಸಿಯಾದ ಭಾಗದ ಉಷ್ಣತೆ ವಿನ್ಯಾಸದ ಮಟ್ಟಕ್ಕಿಂತ ಪ್ರತಿ 6 ಡಿಗ್ರಿ ಸೆಲ್ಸಿಯಸ್ ಏರಿದಂತೆ ಅದು ಸವೆಯುವ ವೇಗ ಇಮ್ಮಡಿಯಾಗುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಒಪ್ಪಿತವಾದ ಲೆಕ್ಕ. ಘಟ್ಟದ ಮೇಲಿನ ಊರುಗಳಲ್ಲಿ ರಾತ್ರಿಯ ತಂಪು ಟ್ರಾನ್ಸ್‌ಫಾರ್ಮರನ್ನು ಆರಿಸುತ್ತದೆ. ನಮ್ಮ ಕರಾವಳಿಯಲ್ಲಿ ಮೇ ತಿಂಗಳ ನಡುರಾತ್ರಿಯಲ್ಲೂ ಸೆಖೆ ಇಳಿಯುವುದಿಲ್ಲ.

ನಿಮ್ಮ ಸಂಘ ಮೊದಲು ಮಾಡಬೇಕಾದದ್ದು ಎಲ್ಲ ಚಾರ್ಜರುಗಳನ್ನು ಒಂದೇ ಹೊರೆ ನಿಯಂತ್ರಣ ವ್ಯವಸ್ಥೆಗೆ ಜೋಡಿಸುವ ಕೆಲಸ. ಮುಖ್ಯ ಪ್ಯಾನಲಿನಲ್ಲಿ ಕರೆಂಟು ಅಳೆಯುವ ಸಂವೇದಕವೊಂದನ್ನು ಕೂರಿಸಿದರೆ, ಕಟ್ಟಡದ ಒಟ್ಟು ಬಳಕೆ ಏರಿದಾಗ ಚಾರ್ಜರುಗಳು ತಾವಾಗಿ ತಗ್ಗುತ್ತವೆ, ಎ.ಸಿ.ಗಳು ಆರಿದಂತೆ ಮತ್ತೆ ಏರುತ್ತವೆ. ಇದಕ್ಕೆ ಪರಸ್ಪರ ಮಾತಾಡಬಲ್ಲ ಚಾರ್ಜರುಗಳೇ ಬೇಕು. ಆದ್ದರಿಂದ ಒಬ್ಬೊಬ್ಬರು ತಮಗೆ ಸಿಕ್ಕ ಕಂಪನಿಯ ಚಾರ್ಜರ್ ತಂದು ಕೂರಿಸುವ ಮೊದಲೇ ಸಂಘ ನಿಯಮ ಮಾಡಬೇಕು. ಸ್ಕೂಟರುಗಳ ಬಗ್ಗೆ ಚಿಂತೆ ಬೇಡ. ಅವುಗಳ ಚಾರ್ಜರ್ ಸಾಮಾನ್ಯವಾಗಿ ಒಂದು ಕಿಲೋವ್ಯಾಟಿನೊಳಗೇ ಇರುತ್ತದೆ, ಬಚ್ಚಲಿನ ಗೀಸರಿಗಿಂತ ಕಡಿಮೆ.

ಇನ್ನು ಸೌರದ ಮಾತು. ಒಂದು ಕಿಲೋವ್ಯಾಟ್ ಫಲಕಕ್ಕೆ ಸುಮಾರು ನೂರು ಚದರಡಿ ಬೇಕು. ನಿಮ್ಮ ತಾರಸಿಯಲ್ಲಿ 30 ಕಿಲೋವ್ಯಾಟ್ ಹಿಡಿಯುತ್ತದೆ. ವರ್ಷದ ಸರಾಸರಿಯಲ್ಲಿ ಕಿಲೋವ್ಯಾಟಿಗೆ ದಿನಕ್ಕೆ 4 ಯೂನಿಟ್ ಎಂದು ಹಿಡಿದರೆ 120 ಯೂನಿಟ್ ಆಯಿತು, ಅಂದರೆ ಯೂನಿಟ್ ಲೆಕ್ಕದಲ್ಲಿ ನಿಮ್ಮ ಇಪ್ಪತ್ತೂ ಕಾರುಗಳಿಗೆ ಸಾಕಾಗುವಷ್ಟು. ಹೊತ್ತಿನ ಲೆಕ್ಕದಲ್ಲಿ ಮಾತ್ರ ಹೊಂದುವುದಿಲ್ಲ, ಏಕೆಂದರೆ ಫಲಕ ದುಡಿಯುವ ಹೊತ್ತಿನಲ್ಲಿ ಕಾರು ಮನೆಯಲ್ಲಿರುವುದಿಲ್ಲ. ಹಗಲು ಮನೆಯಲ್ಲೇ ನಿಲ್ಲುವ ಕಾರುಗಳು, ಅಂದರೆ ನಿವೃತ್ತರದು, ಮನೆಯಿಂದಲೇ ಕೆಲಸ ಮಾಡುವವರದು, ಎರಡನೆಯ ಕಾರು ಇರುವವರದು, ಹತ್ತರಿಂದ ಮೂರರೊಳಗೆ ಚಾರ್ಜ್ ಆಗುವಂತೆ ಮಾಡಿದರೆ ಅಷ್ಟರ ಮಟ್ಟಿಗೆ ಸಂಜೆಯ ಹೊರೆ ನಿಜವಾಗಿಯೂ ಇಳಿಯುತ್ತದೆ. ಉಳಿದವರಿಗೆ ಭಾನುವಾರದ ಮಧ್ಯಾಹ್ನವಿದೆ, ಇಲ್ಲವಾದರೆ ನಡುರಾತ್ರಿ.

ಮಳೆಗಾಲದ ಪ್ರಶ್ನೆಗೆ ನನ್ನ ಉತ್ತರ ಹಲವರು ನಿರೀಕ್ಷಿಸುವುದಕ್ಕಿಂತ ಬೇರೆಯಾಗಿದೆ. ಆಟಿ ತಿಂಗಳ (ಜುಲೈ, ಆಗಸ್ಟ್) ಮಳೆಯಲ್ಲಿ ನಿಮ್ಮ ಫಲಕಗಳ ಉತ್ಪಾದನೆ ಅರ್ಧಕ್ಕೆ, ಕೆಲವು ದಿನ ಅದಕ್ಕಿಂತಲೂ ಕೆಳಕ್ಕೆ ಇಳಿಯುತ್ತದೆ. ಆದರೆ ಅದೇ ತಿಂಗಳುಗಳಲ್ಲಿ ತೋಟಗಳ ಪಂಪುಗಳು ನಿಂತಿರುತ್ತವೆ, ಎ.ಸಿ.ಗಳು ಆರಿರುತ್ತವೆ, ಲಿಂಗನಮಕ್ಕಿ, ಮಾಣಿ ಜಲಾಶಯಗಳಿಗೆ ನೀರು ಬಂದು 1,035 ಮೆಗಾವ್ಯಾಟಿನ ಶರಾವತಿ, 460 ಮೆಗಾವ್ಯಾಟಿನ ವಾರಾಹಿ ವಿದ್ಯುದಾಗಾರಗಳಿಗೆ ಬಲ ಸಿಗುತ್ತದೆ. ಜಾಲದ ಮೇಲೆ ಒತ್ತಡ ಹೆಚ್ಚಿರುವುದು ಫೆಬ್ರವರಿಯಿಂದ ಮೇವರೆಗೆ, ಬಿಸಿಲು ನಮಗೆ ಧಾರಾಳವಾಗಿ ಸಿಗುವ ಕಾಲವೂ ಅದೇ. ಈ ಹೊಂದಾಣಿಕೆ ನಮ್ಮ ಜಿಲ್ಲೆಗಳಿಗೆ ಸಿಕ್ಕಿರುವ ದೊಡ್ಡ ಅನುಕೂಲ.

ಕರೆಂಟು ಹೋದಾಗ, ಫಲಕದ ವಿದ್ಯುತ್ತನ್ನು ಜಾಲಕ್ಕೆ ಸೇರಿಸುವ ಸಾಮಾನ್ಯ ಆನ್‌ಗ್ರಿಡ್ ಇನ್ವರ್ಟರ್ ತಾನೂ ನಿಲ್ಲುತ್ತದೆ. ಲೈನಿನಲ್ಲಿ ದುರಸ್ತಿ ಮಾಡುವ ಲೈನ್‌ಮನ್‌ಗೆ ನಿಮ್ಮ ತಾರಸಿಯ ವಿದ್ಯುತ್ತು ತಗುಲಬಾರದು ಎಂಬುದಕ್ಕಾಗಿ ಈ ರಕ್ಷಣೆ ಕಡ್ಡಾಯ. ಬ್ಯಾಟರಿ ಸಹಿತ ಹೈಬ್ರಿಡ್ ವ್ಯವಸ್ಥೆಯಿಂದ ಅದನ್ನು ದಾಟಬಹುದು, ಆದರೆ ಕಾರು ಚಾರ್ಜ್ ಮಾಡುವಷ್ಟು ದೊಡ್ಡ ಬ್ಯಾಟರಿಯನ್ನು ಸಂಘ ಕೊಳ್ಳುವುದನ್ನು ಇಂದಿನ ಸ್ಥಿತಿಯಲ್ಲಿ ನಾನು ಸಲಹೆ ಮಾಡುವುದಿಲ್ಲ.

ಉತ್ತರ: ಶ್ರೀಮತಿ ಹೆಗ್ಡೆ, ಕಾರ್ಕಳ ತಾಲೂಕು

ಉಪಾಧ್ಯರು ಹೇಳಿದ ಹೊತ್ತಿನ ಮಾತಿಗೆ ಹಳ್ಳಿಯ ಕಡೆಯಿಂದ ಒಂದು ಅನುಭವವನ್ನು ಸೇರಿಸುತ್ತೇನೆ. ನಮ್ಮದು ಲೈನಿನ ತುದಿಯಲ್ಲಿರುವ ತೋಟದ ಮನೆ. 63 ಕೆವಿಎ ಟ್ರಾನ್ಸ್‌ಫಾರ್ಮರಿನಿಂದ ಕೆಲವೇ ಮನೆಗಳಿಗೆ ಉದ್ದುದ್ದ ತಂತಿ ಹೋಗುತ್ತದೆ. ಮನೆಯ ಮೇಲೆ 3 ಕಿಲೋವ್ಯಾಟ್ ಫಲಕ ಹಾಕಿಸಿದ ಮೇಲೆ, ಒಳ್ಳೆಯ ಬಿಸಿಲಿರುವ ಮಧ್ಯಾಹ್ನಗಳಲ್ಲಿಯೇ ಇನ್ವರ್ಟರ್ ನಿಂತುಹೋಗುತ್ತಿತ್ತು. ಅದರ ಪುಟ್ಟ ಪರದೆಯ ಮೇಲೆ ಗ್ರಿಡ್ ವೋಲ್ಟೇಜ್ ಹೆಚ್ಚಾಗಿದೆ ಎಂಬ ಸಂದೇಶ ಬರುತ್ತಿತ್ತು, ಪಕ್ಕದಲ್ಲಿ 253, 254 ಎಂಬ ಅಂಕಿಗಳು ಮಿನುಗುತ್ತಿದ್ದವು. ಮಧ್ಯಾಹ್ನ ನಮ್ಮ ಓಣಿಯಲ್ಲಿ ಬಳಕೆ ಏನೂ ಇರುವುದಿಲ್ಲ; ಹೊರಗೆ ತಳ್ಳಿದ ವಿದ್ಯುತ್ತು ಸಣ್ಣ ತಂತಿಯಲ್ಲಿ ದೂರ ಹೋಗಬೇಕಾಗಿ ವೋಲ್ಟೇಜ್ ಏರುತ್ತದೆ, 230ರ ಮೇಲೆ ಶೇಕಡಾ ಹತ್ತು ದಾಟಿದೊಡನೆ ಇನ್ವರ್ಟರ್ ಕೈಬಿಡುತ್ತದೆ ಎಂದು ಅಳವಡಿಸಿದವರು ವಿವರಿಸಿದರು.

ವಿದ್ಯುತ್ ಕಾರು ಬಂದ ಮೇಲೆ ಹನ್ನೊಂದು ಗಂಟೆಗೆ ಅದನ್ನು 15 ಆಂಪಿಯರ್ ಪ್ಲಗ್ಗಿಗೆ ಸಿಕ್ಕಿಸುವುದನ್ನು ರೂಢಿ ಮಾಡಿಕೊಂಡೆವು. ಆಗ ಅದೇ ಪರದೆಯಲ್ಲಿ ವೋಲ್ಟೇಜ್ 240ರ ಆಸುಪಾಸಿಗೆ ಇಳಿಯುತ್ತದೆ, ಇನ್ವರ್ಟರ್ ನಿಲ್ಲುವುದಿಲ್ಲ. ಮೊದಲು ವ್ಯರ್ಥವಾಗುತ್ತಿದ್ದ ಬಿಸಿಲು ಈಗ ಕಾರಿಗೆ ಸಂದಾಯವಾಗುತ್ತಿದೆ. ಹಳ್ಳಿಯ ಮಟ್ಟಿಗೆ ಹೇಳುವುದಾದರೆ ಸೌರಶಕ್ತಿ ಕಾರಿಗೆ ನೆರವಾದಷ್ಟೇ ಕಾರೂ ಸೌರಶಕ್ತಿಗೆ ನೆರವಾಗುತ್ತದೆ. ಚಾರ್ಜರಿನಲ್ಲಿ ಆಂಪಿಯರ್ ತಗ್ಗಿಸುವ ಸೌಲಭ್ಯವಿದ್ದರೆ 10 ಆಂಪಿಯರಿಗೆ ಇಟ್ಟುಕೊಳ್ಳಿ. 3 ಕಿಲೋವ್ಯಾಟ್ ಫಲಕ ನಡುಮಧ್ಯಾಹ್ನ ಕೊಡುವುದು ಹೆಚ್ಚುಕಡಿಮೆ ಅಷ್ಟನ್ನೇ.

ಪೈ, ಬಿಜೈ

ಉಪಾಧ್ಯರಿಗೂ ಹೆಗ್ಡೆಯವರಿಗೂ ಕೃತಜ್ಞತೆಗಳು. ಐವತ್ತು ನಿಮಿಷ ಮತ್ತು 20 ಕಿಲೋವ್ಯಾಟಿನ ಲೆಕ್ಕವನ್ನು ನಾನು ಸಭೆಯ ಮುಂದೆ ಹಾಗೆಯೇ ಇಡುತ್ತೇನೆ. ಇನ್ನೆರಡು ವಿಷಯಗಳು ಉಳಿದಿವೆ. ಸಂಘಕ್ಕೆ ಸಹಾಯಧನ ಸಿಗುತ್ತದೆಯೇ? ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ಲು ಬರುತ್ತಿರುವ ಮನೆಗಳವರು, ಕಾರು ತಮ್ಮ ಮೀಟರಿಗೆ ಸೇರಿದರೆ ಆ ಸೌಲಭ್ಯ ತಪ್ಪುತ್ತದೆಯೇ ಎಂದು ಕೇಳುತ್ತಿದ್ದಾರೆ.

ಉತ್ತರ: ಡಿಸೋಜ, ಕುಲಶೇಖರ

ಸೌರ ಫಲಕ ಅಳವಡಿಸುವ ಕೆಲಸವೇ ನನ್ನ ಜೀವನೋಪಾಯ, ಅದನ್ನು ಮೊದಲೇ ತಿಳಿಸಿಬಿಡುತ್ತೇನೆ.

2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಒಂಟಿ ಮನೆಗಳಿಗೆ 2 ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟಿಗೆ 30,000 ರೂಪಾಯಿ, ಮೂರನೆಯ ಕಿಲೋವ್ಯಾಟಿಗೆ 18,000 ರೂಪಾಯಿ, ಒಟ್ಟು ಗರಿಷ್ಠ 78,000 ರೂಪಾಯಿ ಸಹಾಯಧನ ನಿಗದಿಯಾಗಿದೆ. ವಸತಿ ಸಂಘಗಳಿಗೆ ಸಾಮಾನ್ಯ ಸೌಲಭ್ಯಗಳಿಗಾಗಿ, ಅದರಲ್ಲಿ ವಾಹನ ಚಾರ್ಜಿಂಗ್ ಕೂಡ ಸೇರಿದೆ, ಕಿಲೋವ್ಯಾಟಿಗೆ 18,000 ರೂಪಾಯಿಯಂತೆ 500 ಕಿಲೋವ್ಯಾಟ್‌ವರೆಗೆ ಅವಕಾಶವಿದೆ. ಮನೆಯೊಂದಕ್ಕೆ 3 ಕಿಲೋವ್ಯಾಟ್ ಎಂಬ ಮಿತಿಯೂ ಇದೆ. ನಿಮ್ಮ 30 ಕಿಲೋವ್ಯಾಟಿಗೆ ಆ ಲೆಕ್ಕದಲ್ಲಿ 5,40,000 ರೂಪಾಯಿ ಆಗುತ್ತದೆ. ಫಲಕಗಳು ದೇಶದಲ್ಲೇ ತಯಾರಾದ ಕೋಶಗಳನ್ನು ಹೊಂದಿರಬೇಕು ಮತ್ತು ನೋಂದಾಯಿತ ಮಾರಾಟಗಾರರಿಂದಲೇ ಅಳವಡಿಸಿರಬೇಕು.

ಗೃಹಜ್ಯೋತಿಯ ಕುರಿತ ಆತಂಕ ಸಕಾರಣವಾದದ್ದು. ಮನೆಯ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನು ಕಟ್ಟಬೇಕು. ದಿನಕ್ಕೆ 6 ಯೂನಿಟಿನಂತೆ ಕಾರೊಂದೇ ತಿಂಗಳಿಗೆ 180 ಯೂನಿಟ್ ತೆಗೆದುಕೊಳ್ಳುವುದರಿಂದ, ಮನೆಯ ಮೀಟರಿಗೇ ಕಾರು ಸೇರಿಸಿದವರು ಆ ಗೆರೆಯನ್ನು ದಾಟುವುದು ಬಹುತೇಕ ಖಚಿತ. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2024ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ವಾಹನ ಚಾರ್ಜಿಂಗ್‌ಗೆ ಪ್ರತ್ಯೇಕ ಸಂಪರ್ಕವನ್ನು ಕೇಳಿ ಪಡೆಯಬಹುದು. ಸಂಘದ ಹೆಸರಿನಲ್ಲೇ ಅಂಥದೊಂದು ಸಂಪರ್ಕ ಪಡೆದು, ಒಳಗೆ ಪ್ರತಿ ಚಾರ್ಜರಿಗೆ ಉಪಮೀಟರ್ ಇಟ್ಟು ಬಳಸಿದವರಿಂದಲೇ ವಸೂಲು ಮಾಡಿದರೆ, ಕಾರಿಲ್ಲದವರ ಆಕ್ಷೇಪವೂ ಉಳಿಯುವುದಿಲ್ಲ. ಮಧ್ಯಾಹ್ನ ಚಾರ್ಜ್ ಮಾಡುವವರಿಗೆ ಸಂಘದ ಒಳಗಿನ ದರವನ್ನು ಕಡಿಮೆ ಇಡಿ. ಹೊತ್ತು ಬದಲಿಸಲು ಜನರಿಗೆ ಕಾರಣ ಬೇಕು.

ಕರಾವಳಿಯಲ್ಲಿ ಕೆಲಸ ಮಾಡುವವನಾಗಿ ಇನ್ನೊಂದು ಮಾತು. ಇಲ್ಲಿ ಹಲವು ಕಟ್ಟಡಗಳಲ್ಲಿ ತಾರಸಿಯ ಮೇಲೆ ಮಳೆಗೆಂದು ತಗಡಿನ ಮಾಡು ಹಾಕಿರುತ್ತಾರೆ. ಅದರ ಮೇಲೆಯೇ ಫಲಕ ಕೂರಿಸುವುದಾದರೆ ಕೆಳಗಿನ ಕಬ್ಬಿಣದ ಕಂಬಗಳನ್ನು ಮೊದಲು ಪರೀಕ್ಷಿಸಿ, ಬುಡದಲ್ಲಿ ತುಕ್ಕು ಹಿಡಿದಿರುವುದು ಬಣ್ಣದ ಅಡಿಯಲ್ಲಿ ಕಾಣಿಸುವುದಿಲ್ಲ. ಸಮುದ್ರದ ಉಪ್ಪುಗಾಳಿಗೆ ಬರಿಯ ಬಣ್ಣ ಬಳಿದ ಕಬ್ಬಿಣ ತಾಳುವುದಿಲ್ಲ. ಬಿಸಿ ಸತುವಿನಲ್ಲಿ ಅದ್ದಿ ತೆಗೆದ ಉಕ್ಕು ಅಥವಾ ಅಲ್ಯೂಮಿನಿಯಂ ಚೌಕಟ್ಟನ್ನೇ, ಸ್ಟೇನ್‌ಲೆಸ್ ಬೋಲ್ಟುಗಳನ್ನೇ ಕೇಳಿ. ಮಳೆಗಾಲದಲ್ಲಿ ಫಲಕದ ಕೆಳ ಅಂಚಿನಲ್ಲಿ ನೀರು ನಿಂತು ಹಸಿರು ಪಾಚಿ ಕಟ್ಟುತ್ತದೆ, ನವರಾತ್ರಿಯ ಹೊತ್ತಿಗೆ ಅದನ್ನು ತೊಳೆಯದಿದ್ದರೆ ಬೇಸಗೆಯ ಉತ್ಪಾದನೆಗೂ ಹೊಡೆತ ಬೀಳುತ್ತದೆ. ಮಳೆಗಾಲದ ಹಿಂದುಮುಂದಿನ ಸಿಡಿಲಿಗೆ ಸರ್ಜ್ ರಕ್ಷಕ (ವೋಲ್ಟೇಜಿನ ದಿಢೀರ್ ಏರಿಕೆಯನ್ನು ತಡೆಯುವ ಸಾಧನ) ಮತ್ತು ಪ್ರತ್ಯೇಕ ಅರ್ತಿಂಗ್ ಇರಲೇಬೇಕು. ನಮ್ಮ ಮುರಕಲ್ಲಿನ ನೆಲದಲ್ಲಿ ಒಳ್ಳೆಯ ಅರ್ತಿಂಗ್ ಸಿಗುವುದು ಕಷ್ಟ, ಬೇಸಗೆಯಲ್ಲಿ ನೆಲ ಒಣಗಿದಾಗಲೇ ಅದನ್ನು ಅಳೆಸಿ ನೋಡಿ.

ರಿಕ್ಷಾ ಚಾಲಕ, ಪಂಪ್‌ವೆಲ್

ಕಾರುಗಳ ಚರ್ಚೆಯ ನಡುವೆ ನಮ್ಮ ವಿಷಯವನ್ನೂ ಹೇಳಲು ಅವಕಾಶ ಕೊಡಿ. ನಾನು ವಿದ್ಯುತ್ ರಿಕ್ಷಾ ಓಡಿಸುತ್ತೇನೆ. ಅದರ ಬ್ಯಾಟರಿ ಸುಮಾರು 8 ಯೂನಿಟಿನದು, ಒಮ್ಮೆ ತುಂಬಿಸಿದರೆ ನೂರು ಕಿಲೋಮೀಟರಿಗೆ ಮೋಸವಿಲ್ಲ. ಬೆಳಿಗ್ಗೆ ಶಾಲೆ, ಕಚೇರಿಯ ಬಾಡಿಗೆ, ಸಂಜೆ ಐದರಿಂದ ಒಂಬತ್ತರವರೆಗೆ ಮನೆಗೆ ಮರಳುವವರ ಬಾಡಿಗೆ; ಸಂಜೆಯ ಹೊತ್ತಿನಲ್ಲಿ ರಿಕ್ಷಾ ಚಾರ್ಜಿಗೆ ನಿಲ್ಲಿಸಿದರೆ ದಿನದ ಸಂಪಾದನೆಯೇ ಹೋಗುತ್ತದೆ. ಮಧ್ಯಾಹ್ನ ಒಂದರಿಂದ ಮೂರರವರೆಗೆ, ಮುಖ್ಯವಾಗಿ ಬೇಸಗೆಯಲ್ಲಿ, ರಿಕ್ಷಾ ಪಾರ್ಕಿನಲ್ಲಿ ಸುಮ್ಮನೆ ಸಾಲಾಗಿ ನಿಂತಿರುತ್ತೇವೆ. ಉಪಾಧ್ಯರು ಚಾರ್ಜ್ ಮಾಡಿ ಎನ್ನುವ ಹೊತ್ತು ಅದೇ. ಆದರೆ ಪಾರ್ಕಿನಲ್ಲಿ ಒಂದು ಪ್ಲಗ್ಗೂ ಇಲ್ಲ, ಬಿಸಿಲಿಗೆ ನೆರಳೂ ಇಲ್ಲ. ಅಲ್ಲಿ ಸೌರ ಫಲಕದ ಮಾಡು ಹಾಕಿದರೆ ನಮಗೆ ನೆರಳೂ ಆಗುತ್ತದೆ, ಚಾರ್ಜೂ ಆಗುತ್ತದೆ. ಬಾಡಿಗೆ ಮನೆಯಲ್ಲಿರುವ ಚಾಲಕರಿಗೆ ರಾತ್ರಿ ಚಾರ್ಜ್ ಮಾಡಲು ಮನೆಯ ಮಾಲೀಕರ ಒಪ್ಪಿಗೆ ಸಿಗುವುದಿಲ್ಲ ಎಂಬುದನ್ನೂ ದಯವಿಟ್ಟು ಗಮನಿಸಿ.

ಉತ್ತರ: ಉಪಾಧ್ಯ, ಮಣಿಪಾಲ

ಪಂಪ್‌ವೆಲ್‌ನ ಸಹೋದರರು ಹೇಳಿದ್ದು ಈ ಚರ್ಚೆಯಲ್ಲೇ ಹೆಚ್ಚು ತೂಕವಿರುವ ಮಾತು ಎಂದು ನನಗೆ ಅನಿಸುತ್ತದೆ. ವಾಹನ ಹಗಲಿನಲ್ಲಿ ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ಪ್ಲಗ್ ಇರಬೇಕು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಅಮೆರಿಕದ ಪಶ್ಚಿಮ ರಾಜ್ಯಗಳ ವಿದ್ಯುತ್ ಜಾಲವನ್ನು ಅಧ್ಯಯನ ಮಾಡಿ 2022ರಲ್ಲಿ ಪ್ರಕಟಿಸಿದ ವರದಿಯ ಮುಖ್ಯ ಸಲಹೆಯೂ ಇದೇ: ರಾತ್ರಿ ಮನೆಯಲ್ಲಿ ಚಾರ್ಜ್ ಮಾಡುವುದನ್ನು ತಗ್ಗಿಸಿ, ಹಗಲು ಕೆಲಸದ ಸ್ಥಳಗಳಲ್ಲಿ ಮತ್ತು ಸಾರ್ವಜನಿಕ ನಿಲುಗಡೆಗಳಲ್ಲಿ ಚಾರ್ಜ್ ಮಾಡುವುದನ್ನು ಹೆಚ್ಚಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ ಮಧ್ಯಾಹ್ನ ಸೌರ ವಿದ್ಯುತ್ ಮಿಗುತ್ತದೆ, ಸೂರ್ಯ ಮುಳುಗುವಾಗ ಉಳಿದ ಸ್ಥಾವರಗಳ ಮೇಲಿನ ಬೇಡಿಕೆ ಕಡಿದಾಗಿ ಏರುತ್ತದೆ. ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೌರ ಉದ್ಯಾನ ಕಟ್ಟಿಕೊಂಡಿರುವ ನಮ್ಮ ರಾಜ್ಯಕ್ಕೂ ಆ ಪಾಠ ಸಲ್ಲುತ್ತದೆ. ಹಾಗಾಗಿ ಸ್ವಂತ ಫಲಕ ಇಲ್ಲದವರು ಕೂಡ ಮಧ್ಯಾಹ್ನ ಚಾರ್ಜ್ ಮಾಡಿದರೆ ಜಾಲಕ್ಕೆ ಉಪಕಾರವೇ. ಕೇಂದ್ರ ಇಂಧನ ಸಚಿವಾಲಯ 2024ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯು ಬೆಳಿಗ್ಗೆ 9ರಿಂದ ಸಂಜೆ 4ರವರೆಗಿನ ಅವಧಿಯಲ್ಲಿ ಚಾರ್ಜಿಂಗ್ ಕೇಂದ್ರಗಳಿಗೆ ಸರಾಸರಿ ಪೂರೈಕೆ ವೆಚ್ಚದ 0.7 ಪಟ್ಟು ದರವನ್ನೂ ಉಳಿದ ಹೊತ್ತಿನಲ್ಲಿ 1.3 ಪಟ್ಟು ದರವನ್ನೂ ಸೂಚಿಸಿರುವುದು ಇದೇ ಕಾರಣಕ್ಕೆ.

ಬೈಕಂಪಾಡಿ, ಯೆಯ್ಯಾಡಿಗಳ ಕೈಗಾರಿಕಾ ವಸಾಹತುಗಳು, ಇಲ್ಲಿ ಮಣಿಪಾಲದಲ್ಲಿರುವ ಆಸ್ಪತ್ರೆ ಮತ್ತು ಕಾಲೇಜುಗಳು, ಬ್ಯಾಂಕುಗಳ ದೊಡ್ಡ ಕಚೇರಿಗಳು, ಇಲ್ಲೆಲ್ಲ ನೂರಾರು ವಾಹನಗಳು ಬೆಳಗಿನಿಂದ ಸಂಜೆವರೆಗೆ ಬಿಸಿಲಿನಲ್ಲೇ ನಿಂತಿರುತ್ತವೆ. ಪೈಗಳೇ, ನಿಮ್ಮ ಸಮುಚ್ಚಯದ ಹನ್ನೊಂದು ಹೊಸ ಕಾರುಗಳಲ್ಲಿ ನಾಲ್ಕಾದರೂ ಕಚೇರಿಯಲ್ಲಿ ಚಾರ್ಜ್ ಆಗುವಂತೆ ಅವರವರ ಸಂಸ್ಥೆಗಳಿಗೆ ನಿಮ್ಮ ಸಂಘದಿಂದಲೇ ಒಂದು ಪತ್ರ ಬರೆಯಿರಿ.

ರಿಕ್ಷಾ ಪಾರ್ಕಿನ ಲೆಕ್ಕವನ್ನು ಹೀಗೆ ಹಾಕಬಹುದು. ಐನೂರು ಚದರಡಿಯ ಮಾಡಿನ ಮೇಲೆ 5 ಕಿಲೋವ್ಯಾಟ್ ಫಲಕ ಕೂರುತ್ತದೆ, ದಿನಕ್ಕೆ ಸರಾಸರಿ 20 ಯೂನಿಟ್ ಸಿಗುತ್ತದೆ. ರಿಕ್ಷಾ ಒಂದಕ್ಕೆ ಮಧ್ಯಾಹ್ನ ಅರ್ಧ ಬ್ಯಾಟರಿ, ಅಂದರೆ 4 ಯೂನಿಟ್ ತುಂಬಿಸಿದರೆ ಐದು ರಿಕ್ಷಾಗಳಿಗೆ ಆಗುತ್ತದೆ. ಊಟದ ಹೊತ್ತಿನಲ್ಲಿ ಎಲ್ಲವೂ ಒಟ್ಟಿಗೆ ನಿಂತರೆ ಫಲಕದಿಂದ ಸಾಲದೆ ಬಂದದ್ದನ್ನು ಜಾಲದಿಂದ ತೆಗೆದುಕೊಳ್ಳಬೇಕು, ಬೆಳಿಗ್ಗೆ ಹುಟ್ಟಿದ ಹೆಚ್ಚುವರಿ ಜಾಲಕ್ಕೆ ಹೋಗುತ್ತದೆ. ಎರಡೂ ನಡೆಯುವುದು ಜಾಲದಲ್ಲಿ ಸೌರ ವಿದ್ಯುತ್ತು ಇರುವ ಹಗಲಿನಲ್ಲೇ. ಮಳೆಗಾಲದಲ್ಲಿ ಫಲಕದಿಂದ ಎರಡು ಅಥವಾ ಮೂರು ರಿಕ್ಷಾಗಳಿಗೆ ಮಾತ್ರ ಸಿಕ್ಕೀತು. 10 ಕಿಲೋವ್ಯಾಟ್‌ವರೆಗಿನ ಮೇಲ್ಛಾವಣಿ ಸೌರ ಘಟಕಗಳಿಗೆ ಡಿಸೋಜರು ಹೇಳಿದ 2024ರ ಅದೇ ತಿದ್ದುಪಡಿಯ ಪ್ರಕಾರ ತಾಂತ್ರಿಕ ಸಾಧ್ಯತೆಯ ಅಧ್ಯಯನವೂ ಬೇಕಾಗಿಲ್ಲ. ಜಾಗ ನಗರಪಾಲಿಕೆಯದಾಗಿದ್ದರೆ ಅನುಮತಿಗೆ ಅಲ್ಲಿಗೂ ಅರ್ಜಿ ಕೊಡಬೇಕು. ರಿಕ್ಷಾ ಚಾಲಕರ ಸಂಘದ ಹೆಸರಿನಲ್ಲಿ ಆ ಅರ್ಜಿಯ ಕರಡು ಮತ್ತು ಪಾರ್ಕಿನ ಅಳತೆಯ ನಕ್ಷೆ ಮಾಡಿಕೊಡಲು ನಾನು ಸಿದ್ಧನಿದ್ದೇನೆ. ಪಾರ್ಕಿನ ಉದ್ದ, ಅಗಲ, ಹತ್ತಿರದ ವಿದ್ಯುತ್ ಕಂಬದ ಸಂಖ್ಯೆ, ದಕ್ಷಿಣ ದಿಕ್ಕಿನಲ್ಲಿ ಮರವೋ ಎತ್ತರದ ಕಟ್ಟಡವೋ ಇದೆಯೇ ಎಂಬ ವಿವರ, ಇಷ್ಟನ್ನು ಇಲ್ಲಿ ಬರೆಯಿರಿ.